ಮರದ ಮೀನಿನ ಓರೆ

ಮಾರ್ಚ್ ೯

ಅಮ್ಮಾ,

ಇನ್ನು ಮೇಲೆ ಅದು ಗೊಣಗುವುದಿಲ್ಲ ಎಂದೋ, ಇನ್ನು ಮೇಲೆ ನೀವು ಗೊಣಗಬೇಕಾಗಿಲ್ಲ ಎಂದೋ, ಬಾಗಿಲಲ್ಲಿ ಚೀಲ ಹೆಗಲಿಗೇರಿಸುತ್ತ ನೀನು ಹೇಳಿದ ಮಾತು ಅರ್ಧ ಮಾತ್ರ ನೆನಪಿದೆ. ಮರ ಕಡೆಯುವ ನನ್ನ ಲೇತಿನ ಬಗ್ಗೆ ಹೇಳಿದ್ದು ಎಂಬುದಷ್ಟು ಖಚಿತ. ಆ ಹೊತ್ತಿನಲ್ಲಿ ಬೇರೆ ಯಾವುದರ ಬಗ್ಗೆಯೂ ಮಾತಾಡದಿರಲು ನಾವಿಬ್ಬರೂ ಲೇತನ್ನೇ ನಡುವೆ ಇಟ್ಟುಕೊಂಡಿದ್ದೆವು.

ನನ್ನ ಮಗನಿಗೂ ನಿನಗೂ ಕಾಗದದ ಮೇಲೆ ಎಲ್ಲ ಮುಗಿದ ಮೇಲೆ, ಉಳಿದ ಬಟ್ಟೆಬರೆ ಒಯ್ಯಲು ಬಂದವಳು ನೀನು. ಬಂದವಳು ಬೀರು ಮುಟ್ಟದೆ ನೇರ ಹಿಂದಿನ ಕೋಣೆಗೆ ಹೋಗಿ ಲೇತಿನ ಮುಂದೆ ಮಂಡಿಯೂರಿದೆ. ನಿನ್ನ ಕಾರ್ಖಾನೆಯಿಂದ ತಂದಿದ್ದ, ಓರೆ ಅಳೆಯುವ ಆ ಮುಳ್ಳಿನ ಗಡಿಯಾರದಂಥದ್ದನ್ನು ಅಂಟಿಸಿ ನೋಡಿ ‘ಅಯ್ಯೋ ಮಾವ’ ಎಂದೆ. ಲೇತಿನ ಬಾಲದ ಕಡೆ ಮರದ ತುದಿಗೆ ಆಸರೆ ಕೊಡುವ ದಿಮ್ಮಿಯನ್ನು ಕಳಚಿ, ಸವೆದ ಅಡಿಯನ್ನು ಅರದಿಂದ ಉಜ್ಜಿ ಮಟ್ಟಮಾಡಿ, ಕೆಳಗೆ ಹಿತ್ತಾಳೆ ತಗಡು ಕೊಟ್ಟು ಮತ್ತೆ ಬಿಗಿದೆ. ಮಧ್ಯಾಹ್ನವೆಲ್ಲ ಅದೇ ಆಯಿತು. ಬಟ್ಟೆಗಳನ್ನು ಕೊನೆಗೆ ಮಡಿಸದೆಯೇ ತುರುಕಿಕೊಂಡು ಹೋದೆ.

ಈಗ ತಲೆಯ ಕಡೆಯ ಮೊನೆಯೂ ಬಾಲದ ಕಡೆಯ ಮೊನೆಯೂ ಮೂಗಿಗೆ ಮೂಗು ತಾಗಿಸಿ ನಿಲ್ಲುತ್ತವೆ. ಸದ್ದಿಲ್ಲ. ಮರದ ಸಿಪ್ಪೆ ರಿಬ್ಬನ್ನಿನ ಹಾಗೆ ಸುತ್ತಿಕೊಂಡು ಬರುತ್ತದೆ. ನಿಜದ ಮೀನನ್ನು ಸೆಳೆಯಲು ಗಾಳಕ್ಕೆ ಕಟ್ಟುವ ಮರದ ಮೀನು ಕಡೆಯುವವನಿಗೆ ಇಷ್ಟು ನೇರವಾದ ಯಂತ್ರ ಸಿಗುವುದು ಹೆಚ್ಚೇ ಆಯಿತು. ಸಂತೋಷವಾಗಿದೆ ಎಂದು ಬರೆಯಲು ಕೂತೆ, ಬರೆದಿದ್ದೇನೆ.

ನಿನ್ನ ಕೋಣೆಗೆ ಬೆಳಕು ಬರುತ್ತದೆಯೇ?

ಇಂತಿ,
ನಿನ್ನ ಮಾವ


ಮಾರ್ಚ್ ೨೪

ಮಾವನವರಿಗೆ ನಮಸ್ಕಾರ.

ಬೆಳಕು ಬರುತ್ತದೆ, ಆದರೆ ನಾನು ಇಲ್ಲದ ಹೊತ್ತಿನಲ್ಲಿ. ರಜೆಯ ದಿನ ಮಾತ್ರ ಅದನ್ನು ನೋಡುತ್ತೇನೆ. ಕೆಳಗೆ ಸೈಕಲ್ ರಿಪೇರಿಯವನಿದ್ದಾನೆ. ಅವನು ಟ್ಯೂಬು ಮುಳುಗಿಸಿ ಗುಳ್ಳೆ ಹುಡುಕುವಾಗ ನೀವು ಮರದ ಮೀನು ಎಳೆದು ನೋಡುವ ನೀರಿನ ತೊಟ್ಟಿಯ ಪಕ್ಕ ಕೂತ ಹಾಗಿರುತ್ತದೆ.

ಕೆಲಸ ಅದೇ. ಬೇರೆಯವರು ಕಡೆದು ತಂದದ್ದನ್ನು ಅಳೆದು, ಎಲ್ಲಿ ತಪ್ಪಿದೆ ಎಂದು ಹೇಳುವುದು. ಊಟಕ್ಕೆ ಕೂತಾಗ ಪಕ್ಕದ ಜಾಗ ಖಾಲಿ ಇರುತ್ತದೆ. ‘ನಿನ್ ಪಕ್ಕ ಕೂತ್ರೆ ತಟ್ಟೆನೂ ಅಳೆದು ರಿಜೆಕ್ಟ್ ಮಾಡ್ತೀಯ ತಾಯಿ’ ಎನ್ನುತ್ತಾನೆ ಫೋರ್ಮನ್. ನಗುತ್ತಾನೆ, ಆದರೂ ಕೂರುವುದಿಲ್ಲ.

ಆ ದಿಮ್ಮಿಯ ಅಡಿ ನಾನು ಆ ಮನೆಗೆ ಬರುವ ಮುಂಚೆಯೇ ಸವೆದಿರಬೇಕು. ಬಾಲದ ಮೊನೆ ಒಂದು ಉಗುರಿನಷ್ಟು ಕೆಳಗೆ ಇಳಿದಿತ್ತು. ಮೀನಿನ ಮೈ ಕಡೆದಾದ ಮೇಲೆ ಬಾಯಿಂದ ಬಾಲಕ್ಕೆ ಹಾಯುವ ತಂತಿಗೆ ತೂತು ಕೊರೆಯುತ್ತೀರಲ್ಲ, ಬಟ್ಟೆಯಲ್ಲಿ ಸುತ್ತಿ ಹಿಡಿದು, ಬಾಲವನ್ನು ಆ ಮೊನೆಗೆ ಆನಿಸಿ, ಬಾಯನ್ನು ತಿರುಗುವ ಬೈರಿಗೆಗೆ ಒತ್ತಿಕೊಡುವುದು. ಅಂಥ ಲೇತಿನಲ್ಲಿ ಆ ತೂತು ನೇರ ಹೋಗುವುದಾದರೂ ಹೇಗೆ? ಅಷ್ಟು ಓರೆ ಯಂತ್ರದ ಮೇಲೆ ಅಂಥ ಮೀನು ಮಾಡಿದ ಕೈ ಇನ್ನು ನೇರ ಯಂತ್ರದ ಮೇಲೆ ಏನೇನು ಮಾಡುತ್ತದೋ ಎಂದು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದೆ. ಎಲ್ಲರೂ ನಿಮ್ಮ ಕೈಗುಣ ಎನ್ನುತ್ತಿದ್ದರಲ್ಲ, ಈಗ ಅದಕ್ಕೆ ಅಡ್ಡಿಯಿಲ್ಲ.

ಹೊಸ ಮೀನುಗಳಲ್ಲಿ ಒಂದನ್ನು ಕಳಿಸಿ. ಮೇಜಿನ ಮೇಲೆ ತೂಗುಹಾಕಬೇಕು.

ಅವನ ಬಗ್ಗೆ ನೀವು ಬರೆಯಲಿಲ್ಲ. ನಾನೂ ಕೇಳುವುದಿಲ್ಲ.

ಇಂತಿ ನಮಸ್ಕಾರಗಳು.


ಏಪ್ರಿಲ್ ೨೦

ಅಮ್ಮಾ,

ಉತ್ತರ ತಡವಾಯಿತು. ಮೀನು ಕಳಿಸಲಿಲ್ಲ. ವಾರ್ನಿಷ್ ಇನ್ನೂ ಹಸಿ ಇದೆ.

ಈ ವಾಕ್ಯವನ್ನು ಹಾಗೆಯೇ ಬಿಟ್ಟಿದ್ದೇನೆ. ಹಸಿ ಇದ್ದದ್ದು ಆರಿ ಎಷ್ಟೋ ದಿನವಾಯಿತು.

ಕೊಕ್ಕರೆ ಬಂದಿದ್ದ. ಮೊಣಕಾಲುದ್ದ ನೀರಿನಲ್ಲಿ ಒಂಟಿಕಾಲ ಮೇಲೆ ಭಾರ ಹಾಕಿ ಬೆಳಗೆಲ್ಲ ಗಾಳ ಹಿಡಿದು ನಿಂತು ಆ ಹೆಸರು ಪಡೆದ ನನ್ನ ಗೆಳೆಯ. ನಿನಗೆ ಗೊತ್ತು, ಅವನ ಗಾಳಕ್ಕೆ ಕಟ್ಟಿ ನೋಡದೆ ನನ್ನ ಒಂದು ಮೀನೂ ಅಂಗಡಿಗೆ ಹೋದದ್ದಿಲ್ಲ. ಹೊಸ ಮೀನುಗಳ ಡಬ್ಬಿಯನ್ನು ಒಯ್ದವನು ಸಂಜೆಯೊಳಗೆ ತಂದು ಮೇಜಿನ ಮೇಲಿಟ್ಟ.

‘ಇದೇನಯ್ಯಾ, ಮೀನು ಮಾಡ್ಕೊಟ್ಯೋ, ಲಟ್ಟಣಿಗೆ ಮಾಡ್ಕೊಟ್ಯೋ?’

‘ಯಾಕೋ?’

‘ಎಳೆದ್ರೆ ಬರುತ್ತೆ. ಬಿಟ್ರೆ ನಿಲ್ಲುತ್ತೆ. ಸ್ಕೂಲಿಗೆ ಹೋಗೋ ಹುಡುಗನ್ ಥರ ರಸ್ತೆ ಮಧ್ಯದಲ್ಲೇ ನಡೆಯುತ್ತೆ. ನಿನ್ ಮೀನು ಅಂದ್ರೆ ಒಂದ್ಸಲ ಹೊಟ್ಟೆ ತೋರ್ಸಿ, ಸೋತ ಹಾಗೆ ಆಡಿ, ಮತ್ತೆ ಎದ್ದು ಓಡ್ಬೇಕು. ಅದು ನೋಡಿ ಬಾಯಿ ಹಾಕ್ದೆ ಇರೋ ಮೀನೇ ಇಲ್ಲ. ಇದನ್ನ ನೋಡಿ ಅವು ದಾರಿ ಬಿಡ್ತವೆ ಕಣಯ್ಯಾ, ದೊಡ್ಡೋರು ಬಂದ್ರು ಅಂತ.’

ನಾನೂ ನಕ್ಕೆ. ಮರ ಹಸಿ ಎಂದೆ. ಅವನು ಮರವನ್ನು ಉಗುರಿನಿಂದ ತಟ್ಟಿ ನೋಡಿದ. ‘ವಯಸ್ಸಾಯ್ತು ಬಿಡು, ನಂಗೂ ನಿಂಗೂ’ ಎಂದ. ‘ನಂಗೂ’ ಎಂದು ಅವನು ತನ್ನನ್ನೂ ಸೇರಿಸಿಕೊಂಡದ್ದು ದಯೆ. ಅದು ಬೇಡವಾಗಿತ್ತು.

ತೊಟ್ಟಿಯಲ್ಲಿ ಎಳೆದು ನೋಡುತ್ತಿದ್ದೇನೆ. ಅವನು ಹೇಳಿದ್ದು ನಿಜ. ನನ್ನ ಕಣ್ಣೋ, ಬೆರಳೋ, ಎಲ್ಲೋ ಒಂದು ಕಡೆ ಬಿಟ್ಟುಹೋಗಿದೆ. ನೀನು ಚಿಂತೆ ಮಾಡಬೇಡ. ಲೇತು ಚೆನ್ನಾಗಿದೆ.

ನಿನ್ನ ಮಾವ


ಮೇ ೨

ಮಾವ,

ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬನ್ನಿ. ಮರ ಬದಲಾಯಿಸಿ ನೋಡಿ. ತೂಕಕ್ಕೆಂದು ಹೊಟ್ಟೆಗೆ ಸುರಿಯುವ ಸೀಸ ಹೆಚ್ಚಾಗಿದೆಯೇನೋ, ಅದನ್ನೂ ನೋಡಿ.

ಇಷ್ಟು ಬರೆದು ಅಂಚೆಗೆ ಹಾಕಲು ಹೊರಟವಳು ವಾಪಸ್ಸು ಬಂದೆ. ಒಂದು ಕೇಳಬೇಕು. ತೂತು ಕೊರೆಯುವಾಗ ನೀವು ಮೀನಿನ ಬೆನ್ನು ಯಾವಾಗಲೂ ಮೇಲಕ್ಕೇ ಹಿಡಿಯುತ್ತಿದ್ದಿರಿ ಎಂದು ನನಗೆ ನೆನಪು. ಹೌದೇ? ಹೌದಾದರೆ, ನಾನು ಬೇರೆ ಕಾಗದ ಬರೆಯುತ್ತೇನೆ. ಅಲ್ಲ ಎಂದು ಬರಲಿ ಎನ್ನಿಸುತ್ತಿದೆ.

ಇಂತಿ ನಮಸ್ಕಾರಗಳು.


ಮೇ ೨೯

ಅಮ್ಮಾ,

ಹೌದು, ಮೇಲಕ್ಕೇ.

ನಿನ್ನ ಪ್ರಶ್ನೆ ಬರುವ ಹೊತ್ತಿಗೆ ನಾನು ಉತ್ತರದ ಹತ್ತಿರ ಬಂದುಬಿಟ್ಟಿದ್ದೆ ಎಂದು ಹೇಳಿಕೊಳ್ಳಬಹುದಿತ್ತು. ಸುಳ್ಳು. ನಿನ್ನ ಕಾಗದ ಓದಿದ ಮೇಲೆಯೇ ಗರಗಸ ತೆಗೆದುಕೊಂಡದ್ದು. ಗೋಡೆಯ ಮೇಲಿನ ಹಳೆಯ ಮೀನೊಂದನ್ನೂ ಹೊಸದೊಂದನ್ನೂ ಉದ್ದಕ್ಕೆ ಸೀಳಿ ಪಕ್ಕಪಕ್ಕ ಇಟ್ಟೆ. ಹೊಸದರಲ್ಲಿ ತೂತು ಬಾಯಿಂದ ಬಾಲಕ್ಕೆ ಗೆರೆ ಎಳೆದಂತೆ ನಡುವೆಯೇ ಹೋಗಿದೆ. ಹಳೆಯದರಲ್ಲಿ ಬಾಯ ನಡುವಿನಿಂದ ಹೊರಟು ಬಾಲಕ್ಕೆ ಬರುವಾಗ ಬೆನ್ನಿನ ಕಡೆಗೆ ಏರಿದೆ. ತಂತಿಯ ಕೆಳಗೆ ಮರ ಹೆಚ್ಚು, ಮೇಲೆ ಕಡಿಮೆ. ಕೆಳಗಿನ ಮರ ಮೇಲೆ ಬರಲು ಹವಣಿಸುತ್ತದೆ, ಸೀಸ ಬಿಡುವುದಿಲ್ಲ. ಆ ಜಗಳವೇ ಅದರ ಈಜು. ಹೊಟ್ಟೆ ತೋರಿಸಿ, ಸೋತ ಹಾಗೆ ಆಡಿ, ಎದ್ದು ಓಡುವುದು.

ಅಂದರೆ, ದಿಮ್ಮಿಯ ಅಡಿ ಸವೆದದ್ದರಿಂದ. ನನ್ನಿಂದಲ್ಲ.

ಇದಕ್ಕಿಂತ ನಾಚಿಕೆಯದು ಇನ್ನೊಂದಿದೆ. ತಂತಿ ಬಾಲದಲ್ಲಿ ನಡುವಿಗೆ ಬರುತ್ತಿರಲಿಲ್ಲ ಎಂಬುದು ನನಗೆ ಗೊತ್ತೇ ಇತ್ತು. ಕೈ ತಪ್ಪಿದೆ ಎಂದುಕೊಂಡು ಆ ಜಾಗಕ್ಕೆ ಮೇಣ ತುಂಬಿ, ಉಪ್ಪುಕಾಗದದಿಂದ ತಿಕ್ಕಿ, ಯಾರಿಗೂ ಕಾಣದ ಹಾಗೆ ಬಣ್ಣ ಬಳಿಯುತ್ತಿದ್ದೆ. ಬಾಲಕ್ಕೆ ಎರಡು ಸಲ ಬಣ್ಣ ಕೊಡುವುದು ನನ್ನ ವಿಶೇಷ ಎಂದು ಅಂಗಡಿಯವನು ಗಿರಾಕಿಗಳಿಗೆ ಹೇಳುತ್ತಿದ್ದ. ಯಾವುದನ್ನು ತಪ್ಪೆಂದು ಮುಚ್ಚಿದೆನೋ ಅದೇ ಮೀನಿನ ಜೀವವಾಗಿತ್ತು. ಯಾವುದನ್ನು ನನ್ನದೆಂದು ಹೊಗಳಿಸಿಕೊಂಡೆನೋ ಅದು ನನ್ನಲ್ಲಿ ಇರಲೇ ಇಲ್ಲ. ಹೊಗಳಿದಾಗ ತಲೆ ತಗ್ಗಿಸುತ್ತಿದ್ದೆ. ವಿನಯ ಎಂದುಕೊಂಡರು. ನಾನೂ ಹಾಗೇ ಅಂದುಕೊಂಡಿದ್ದೆ.

ನೀನು ಕೊಟ್ಟ ತಗಡನ್ನು ತೆಗೆದು ನೋಡಿದೆ. ನೀನು ಅಡಿಯನ್ನು ಉಜ್ಜಿರುವುದರಿಂದ ಈಗ ಮೊನೆ ಮೊದಲಿಗಿಂತಲೂ ಕೆಳಗಿಳಿಯುತ್ತದೆ. ಹಾಗೆ ಕೊರೆದ ಮೀನು ತೊಟ್ಟಿಗೆ ಬಿದ್ದ ಕೂಡಲೇ ಅಂಗಾತ ಮಲಗಿತು. ರಟ್ಟಿನ ಚೂರು, ಚರ್ಮದ ಚೂರು, ಏನೇನೋ ಇಟ್ಟು ನೋಡಿದೆ. ಕುಡಿದವರ ಹಾಗೆ ಒಂದೊಂದು ಒಂದೊಂದು ಕಡೆಗೆ ಹೋಗುತ್ತವೆ. ಇಷ್ಟು ಕಾಲ ಈ ಕೆಲಸ ಮಾಡಿದವನಿಗೆ ಬೇಕಾದ ಓರೆ ಎಷ್ಟು ಎಂಬುದು ಅಂದಾಜಿಗೂ ಸಿಗುತ್ತಿಲ್ಲ ಎಂದರೆ, ಇಷ್ಟು ಕಾಲ ಕೆಲಸ ಮಾಡಿದವರು ಯಾರು?

ನಿನ್ನ ತಪ್ಪು ಎಂದು ಇದನ್ನು ಬರೆಯುತ್ತಿಲ್ಲ. ನೀನು ನೇರ ಮಾಡಿದೆ. ನೇರ ಮಾಡಿದ್ದರಿಂದ ಕಂಡಿತು.

ಮಾವ


ಜೂನ್ ೧೦

ಮಾವ,

ಕೇಳದೆ ಮುಟ್ಟಿದೆ. ಕಾರ್ಖಾನೆಯಲ್ಲಾದರೆ ಯಾರ ಯಂತ್ರವನ್ನೂ ಕೇಳದೆ ಮುಟ್ಟುವುದಿಲ್ಲ. ನಿಮ್ಮದನ್ನು ಮುಟ್ಟಿದೆ. ಆ ಮನೆಯಿಂದ ಹೋಗುವಾಗ ಏನಾದರೂ ಒಂದನ್ನು ಸರಿಮಾಡಿ ಹೋಗಬೇಕು ಎನ್ನಿಸಿತ್ತು. ಉಳಿದದ್ದು ಯಾವುದೂ ನನ್ನ ಕೈಯಲ್ಲಿ ಸರಿಯಾಗುವಂಥದ್ದಾಗಿರಲಿಲ್ಲ. ಲೇತಾದರೂ ಆಗಲಿ ಎಂದುಕೊಂಡೆ. ಅದು ನಿಮ್ಮ ಸಲುವಾಗಿ ಮಾಡಿದ್ದೇ ಅಲ್ಲ ಎಂದು ಈಗ ಅನ್ನಿಸುತ್ತದೆ. ನಿಮ್ಮ ಕಾಗದ ಬಂದ ದಿನ ಗೇಜು ರೂಮಿನಲ್ಲಿ ಯಾರದೋ ಕೆಲಸ ಅಳೆಯುವಾಗ ನನ್ನ ಮುಖ ಕೆಂಪಾಗಿತ್ತಂತೆ. ಫೋರ್ಮನ್ ಜ್ವರವೇ ಎಂದು ಕೇಳಿದ.

ಆದರೆ ಒಂದು ಮಾತು ಒಪ್ಪುವುದಿಲ್ಲ. ಲೇತು ಓರೆಯಾಗಿತ್ತು, ಸರಿ. ಬೆನ್ನು ಮೇಲೆ ಹಿಡಿದದ್ದು ಯಾರು? ಬೇರೆ ಯಾರಾದರೂ ಆಗಿದ್ದರೆ ಒಂದು ಸಲ ಹೊಟ್ಟೆ ಮೇಲೆ, ಒಂದು ಸಲ ಪಕ್ಕೆ ಮೇಲೆ ಹಿಡಿದು, ಓರೆ ನಾಲ್ಕು ದಿಕ್ಕಿಗೂ ಹೋಗುತ್ತಿತ್ತು. ನಿಮ್ಮ ಕೈ ಅದನ್ನು ಪ್ರತಿಸಲವೂ ಒಂದೇ ಕಡೆಗೆ ಕೊಟ್ಟಿತು. ಅದಕ್ಕೇ ಕೈಗುಣ ಎನ್ನುವುದಲ್ಲವೇ?

ಇದರ ಜೊತೆಗಿರುವ ಪೊಟ್ಟಣ ಬಿಚ್ಚಿ. ಹೊರಡುವಾಗ ಗೋಡೆಯ ಮೇಲಿನ ಮೀನೊಂದನ್ನು ಹೇಳದೆ ತಂದಿದ್ದೆ. ಸೀಳಲು ಮನಸ್ಸಾಗಲಿಲ್ಲ. ತಂತಿ ತೆಗೆದು ತೂತಿನಲ್ಲಿ ಸರಿಯಾದ ಕಡ್ಡಿ ತೂರಿಸಿ, ಓರೆ ಎಷ್ಟೆಂದು ಅಳೆದೆ. ಊಟದ ಹೊತ್ತಿನಲ್ಲಿ ಇಲ್ಲಿನ ಸಣ್ಣ ಲೇತಿನ ಮೇಲೆ ಅದೇ ಅಳತೆಗೆ ಒಂದು ಮೀನು ಕಡೆದೆ. ಬಣ್ಣವಿಲ್ಲ, ವಾರ್ನಿಷ್ ಇಲ್ಲ. ತೊಟ್ಟಿಯಲ್ಲಿ ಎಳೆದು ಹೇಗಿದೆ ಹೇಳಿ. ಇಲ್ಲಿ ನನಗೆ ಬಕೆಟ್ಟು ಮಾತ್ರ ಇರುವುದು, ಅದರಲ್ಲಿ ಅದು ತಿರುಗುವಷ್ಟರಲ್ಲಿ ಗೋಡೆಗೆ ಹೊಡೆಯುತ್ತದೆ.

ಪೊಟ್ಟಣದಲ್ಲೇ ಕಾಗದದಲ್ಲಿ ಸುತ್ತಿದ ಹೊಸ ತಗಡಿದೆ, ಮೊದಲಿನದರ ಬದಲು ಅದನ್ನು ದಿಮ್ಮಿಯ ಕೆಳಗಿಡಿ. ಹಳೆಯ ಓರೆಯೇ ಬರುತ್ತದೆ. ಆಮೇಲೆ ನಾನು ಲೇತು ಮುಟ್ಟಿದ್ದನ್ನು ಮರೆತುಬಿಡಿ.

ಇಂತಿ ನಮಸ್ಕಾರಗಳು.


ಜುಲೈ ೩

ಅಮ್ಮಾ,

ಪೊಟ್ಟಣ ತಲುಪಿತು. ತಗಡು ಇನ್ನೂ ಕಾಗದದಲ್ಲೇ ಇದೆ.

ಬೆನ್ನು ಮೇಲೆ ಹಿಡಿಯುತ್ತಿದ್ದದ್ದು ಯಾಕೆ ಎಂದು ಹೇಳುತ್ತೇನೆ. ಮರದ ಗೆರೆ ಚೆನ್ನಾಗಿರುವ ಕಡೆ ಬೆನ್ನು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಗುರುತು ಬಟ್ಟೆಗೆ ಉಜ್ಜಿ ಅಳಿಸದಿರಲಿ ಎಂದು ಅದನ್ನು ಮೇಲಕ್ಕೆ ಹಿಡಿಯುತ್ತಿದ್ದೆ. ಅಷ್ಟೇ. ಅದಕ್ಕೆ ನೀನು ಇಟ್ಟ ಹೆಸರು ದೊಡ್ಡದಾಯಿತು.

ನಿನ್ನ ಮೀನನ್ನು ತೊಟ್ಟಿಗೆ ಬಿಟ್ಟೆ. ಬಣ್ಣವಿಲ್ಲದ ಬಿಳಿ ಮರ. ಎಳೆದೆ. ಹೊಟ್ಟೆ ತೋರಿಸಿತು. ನಿಂತ ಹಾಗೆ ಮಾಡಿ, ನಾನು ಕೈ ಬಿಟ್ಟೆನೋ ಎನ್ನುವಷ್ಟರಲ್ಲಿ ಎದ್ದು ಓಡಿತು. ಕೈಯಲ್ಲಿದ್ದ ದಾರ ನಡುಗಿತು. ಇನ್ನೊಮ್ಮೆ ಎಳೆಯಲಿಲ್ಲ.

ಚೆನ್ನಾಗಿದೆ.

ಮಾವ


ಆಗಸ್ಟ್ ೧೧

ಮಾವ,

‘ಚೆನ್ನಾಗಿದೆ’ ಎಂಬ ನಿಮ್ಮ ಒಂದು ಮಾತಿನ ಮೇಲೆ ಇಷ್ಟು ದಿನ ಕಳೆದೆ. ಅದು ಚೆನ್ನಾಗಿಲ್ಲದಿದ್ದರೂ ನೀವು ಹಾಗೇ ಬರೆಯುತ್ತಿದ್ದಿರಿ. ಏಪ್ರಿಲ್ ತಿಂಗಳಿನಲ್ಲಿ ಲೇತು ಚೆನ್ನಾಗಿದೆ ಎಂದೂ ಬರೆದಿದ್ದಿರಿ.

ತಗಡು ಇಟ್ಟಿರಾ? ಕೊಕ್ಕರೆ ಏನೆಂದರು? ಹೊಟ್ಟೆಯ ಮೇಲೆ ನಿಮ್ಮ ಮುದ್ರೆ ಒತ್ತಿದ ಮೀನು ಅಂಗಡಿಯಲ್ಲಿ ಮತ್ತೆ ಕಾಣುತ್ತಿದೆ ಎಂದು ಯಾರಾದರೂ ಒಬ್ಬರು ಹೇಳಿದರೆ ನಾನು ನೆಮ್ಮದಿಯಾಗಿ ಬೇರೆಯವರ ತಪ್ಪು ಅಳೆಯುತ್ತೇನೆ. ಈಗ ಅಳೆಯುವಾಗೆಲ್ಲ, ಇದು ತಪ್ಪೇ ಹೌದೇ ಎಂದು ಇನ್ನೊಮ್ಮೆ ನೋಡುತ್ತೇನೆ. ಕೆಲಸ ನಿಧಾನವಾಗಿದೆ. ಪಕ್ಕದಲ್ಲಿ ಈಗ ಒಬ್ಬಿಬ್ಬರು ಊಟಕ್ಕೆ ಕೂರುತ್ತಾರೆ.

ಬೈಯಬೇಕೆಂದಿದ್ದರೆ ಬೈಯಿರಿ. ಸುಮ್ಮನಿರಬೇಡಿ. ಆ ಮನೆಯಲ್ಲಿ ಎಲ್ಲರೂ ಸುಮ್ಮನಿದ್ದರು.

ಇಂತಿ ನಮಸ್ಕಾರಗಳು.


ಸೆಪ್ಟೆಂಬರ್ ೨

ಅಮ್ಮಾ,

ನಿನ್ನ ಮೀನಿಗೆ ನಾನು ಬಣ್ಣ ಬಳಿದೆ. ಬೆನ್ನಿಗೆ ಹಸಿರು, ಪಕ್ಕೆಗೆ ಬೆಳ್ಳಿ. ಬಾಲಕ್ಕೆ ಎರಡು ಸಲ. ವಾರ್ನಿಷ್ ಆರಿದ ಮೇಲೆ ಕಬ್ಬಿಣ ಕಾಯಿಸಿ ಹೊಟ್ಟೆಯ ಮೇಲೆ ನನ್ನ ಮುದ್ರೆ ಒತ್ತಿದೆ. ಕೈ ರೂಢಿಯಿಂದ ಮಾಡಿತು ಎಂದು ಬರೆಯಬಹುದಿತ್ತು. ಆದರೆ ಕಬ್ಬಿಣ ಕಾಯಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ನಾನು ಅದರ ಪಕ್ಕವೇ ಕೂತಿದ್ದೆ. ಏನು ಮಾಡುತ್ತಿದ್ದೇನೆ ಎಂದು ಚೆನ್ನಾಗಿ ಗೊತ್ತಿತ್ತು.

ಕೊಕ್ಕರೆಗೆ ಕೊಟ್ಟೆ. ಮಾರನೆಯ ದಿನ ಒದ್ದೆ ಪ್ಯಾಂಟಿನಲ್ಲೇ ಓಡಿಬಂದ. ಅವನು ಓಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

‘ಬಂತಲ್ಲಯ್ಯಾ ನಿನ್ ಕೈ! ಎಲ್ಲಿ ಹೋಗಿತ್ತು ಇಷ್ಟು ದಿನ?’

ನಾನು ತಲೆ ತಗ್ಗಿಸಿದೆ. ಅವನು ಬೆನ್ನು ತಟ್ಟಿದ. ‘ಹಳೇದಕ್ಕಿಂತ ಒಂದು ಕೈ ಮೇಲೇ ಅಂತೀನಿ. ಅಂಗಡಿಯೋನಿಗೆ ಹೇಳಿದೀನಿ, ಬಾಗಿಲು ತೆಗೆದು ಕಾಯ್ತಾ ಇದಾನೆ’ ಎಂದ. ಟೀ ಕುಡಿದೆವು. ಅವನ ಲೋಟಕ್ಕೆ ಇನ್ನೊಂದಿಷ್ಟು ನಾನೇ ಬಗ್ಗಿಸಿದೆ. ಲೇತಿನ ಕೆಲಸವನ್ನು ನನ್ನದೆಂದು ಇಷ್ಟು ಕಾಲ ನಡೆಸಿದವನಿಗೆ, ಗೊತ್ತಿಲ್ಲದೆ ಮಾಡಿದೆ ಎಂಬ ಒಂದು ಆಸರೆಯಾದರೂ ಇತ್ತು. ಇದಕ್ಕೆ ಅದೂ ಇಲ್ಲ.

ಅಂಗಡಿಯವನು ಹುಡುಕಿಕೊಂಡು ಬರತೊಡಗಿದ. ಮರ ಸಿಕ್ಕಿಲ್ಲ, ಸೀಸ ಸಿಕ್ಕಿಲ್ಲ ಎಂದು ದಿನ ದೂಡಿದೆ. ನಿನ್ನ ಕಾಗದ ಬಂತು. ಬೈಯಿರಿ ಎಂದಿದ್ದೆ. ಯಾರನ್ನು?

ನಿನ್ನೆ ಕೆರೆಗೆ ಹೋದೆ. ಅವನು ನೀರಿನಲ್ಲಿದ್ದ. ನಾನು ದಡದಲ್ಲಿ ನಿಂತು ಹೇಳಿದೆ. ದೂರವಿದ್ದುದರಿಂದ ಕೂಗಿ ಹೇಳಬೇಕಾಯಿತು. ಅಕ್ಕಪಕ್ಕ ಗಾಳ ಹಾಕಿ ಕೂತವರೆಲ್ಲ ತಿರುಗಿ ನೋಡಿದರು.

‘ಆ ಮೀನು ನಾನು ಮಾಡಿದ್ದಲ್ಲ ಕಣೋ.’

‘ಏನು?’

‘ನಾನು ಮಾಡಿದ್ದಲ್ಲ!’

‘ಮತ್ತೆ ಹೊಟ್ಟೆ ಮೇಲೆ ನಿನ್ ಮುದ್ರೆ ಇದೆ?’

‘ಮುದ್ರೆ ಒಂದೇ ನಂದು.’

ಅವನು ದಾರ ಸುತ್ತಿಕೊಂಡು ದಡಕ್ಕೆ ಬಂದ. ಮೀನನ್ನು ಬಿಚ್ಚಿ ಅಂಗೈಯಲ್ಲಿ ತಿರುಗಿಸಿ ನೋಡಿದ. ‘ಯಾರು ಮಾಡಿದ್ದು?’

‘ನಮ್ಮನೆ ಹುಡುಗಿ.’

‘ನಿಮ್ಮನೇಲಿ ಯಾವ ಹುಡುಗಿ ಇದಾಳಯ್ಯಾ ಈಗ? ಹೋದಳಲ್ಲ ಅವಳು.’

‘ಅವಳೇ.’

‘ಓಹೋ. ಮಗ ಬಿಟ್ಟ, ಅಪ್ಪ ದುಡಿಸ್ಕೊಂಡ. ಚೆನ್ನಾಗಿದೆ ನಿಮ್ ಮನೆ ಲೆಕ್ಕ.’

ಅವನು ನಕ್ಕ. ತಮಾಷೆಗೇ ಹೇಳಿದ. ಅವನಿಗೆ ನನ್ನ ಮೇಲೆ ಕೋಪ ಬಂದಿರಲಿಲ್ಲ, ಬಂದಿದ್ದರೆ ಸುಲಭವಾಗುತ್ತಿತ್ತು. ಪಕ್ಕದಲ್ಲಿದ್ದವರೂ ನಕ್ಕರು. ಅವರಲ್ಲೊಬ್ಬ, ಹುಡುಗಿ ಮಾಡಿದ್ದಾದರೆ ತನಗೂ ಒಂದು ಬೇಕೆಂದ. ಕೊಕ್ಕರೆ ಮೀನನ್ನು ನನ್ನ ಜೇಬಿಗೆ ಹಾಕಿದ. ಅದು ಒದ್ದೆಯಾಗಿತ್ತು.

ನಾನು ನಿನ್ನ ತಗಡನ್ನು ದಿಮ್ಮಿಯ ಕೆಳಗಿಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಇಟ್ಟೆ. ಒಂದು ಮೀನು ಕಡೆದು, ಬೆನ್ನು ಮೇಲೆ ಹಿಡಿದು ಕೊರೆದೆ. ತೊಟ್ಟಿಯಲ್ಲಿ ಈಜಿತು. ಇನ್ನು ಎಷ್ಟು ಬೇಕಾದರೂ ಮಾಡಬಹುದು. ಮೈ ನಾನು ಕಡೆದದ್ದು, ಓರೆ ನೀನು ಕೊಟ್ಟದ್ದು. ಅಂಗಡಿಯವನು ಮುದ್ರೆಯಿಲ್ಲದೆ ತೆಗೆದುಕೊಳ್ಳುವುದಿಲ್ಲ. ಕಬ್ಬಿಣವನ್ನು ಒಲೆಯ ಹತ್ತಿರ ತಂದಿಟ್ಟಿದ್ದೇನೆ, ಒಲೆ ಹಚ್ಚಿಲ್ಲ. ನನ್ನ ಮುದ್ರೆಯ ಪಕ್ಕದಲ್ಲಿ ನಿನ್ನದೊಂದಕ್ಕೆ ಜಾಗವಿದೆ. ಇದನ್ನು ಕೊಕ್ಕರೆಗೂ ಹೇಳಿದೆ. ಬೆಳಿಗ್ಗೆ ಬಂದವನು ಕಿಟಕಿಯಿಂದಲೇ ತಲೆ ಹಾಕಿ ಕೇಳಿಸಿಕೊಂಡ.

‘ಆಗ್ಲಿ, ಹಾಕು. ಜನ ಕೇಳ್ತಾರೆ, ಇದು ಯಾರ್ದು ಅಂತ. ಏನಂತೀಯ? ಸೊಸೆ ಅಂತೀಯ? ಸೊಸೆ ಅಲ್ಲ ಅಂತ ನಿನ್ ಮಗಾನೇ ಬರೆದುಕೊಟ್ಟಿದಾನೆ. ಮಗಳು ಅಂತೀಯ? ಮಗಳಾಗಿದ್ರೆ, ನಿನ್ ಮಗ ಅವಳನ್ನ ಬಿಟ್ಟ ದಿನ ಲೇತಿನ ಕೋಣೆಯಿಂದ ಎದ್ದು ಬಂದು ತಡೀತಿದ್ದೆ. ಯೋಚ್ನೆ ಮಾಡಿಟ್ಕೋ. ನಾಳೆ ಬಂದು ನಾನೇ ಮೊದಲು ಕೇಳ್ತೀನಿ.’

ಹೋದ. ನಾನು ಲೇತು ನಿಲ್ಲಿಸಿ ಈ ಕಾಗದ ಬರೆಯಲು ಕೂತೆ. ನಿನ್ನ ಎಲ್ಲ ಕಾಗದಗಳನ್ನೂ ತೆಗೆದು, ಓದಲೆಂದಲ್ಲ, ಕೊನೆಯ ಸಾಲು ನೋಡಲೆಂದು ಒಂದೊಂದಾಗಿ ಬಿಚ್ಚಿದೆ. ನಮಸ್ಕಾರಗಳ ಕೆಳಗೆ ನೀನು ಎಲ್ಲಿಯೂ ಏನೂ ಬರೆದಿಲ್ಲ. ನಾನು ಮಾತ್ರ ಪ್ರತಿಸಲ ಅದೊಂದು ಪದವನ್ನು, ಅದಕ್ಕೆ ಇನ್ನೂ ಹಕ್ಕಿದೆಯೋ ಎಂದು ಕೇಳದೆ, ನನ್ನ ಹೆಸರಿನ ಜಾಗದಲ್ಲಿ ಒತ್ತುತ್ತ ಬಂದಿದ್ದೇನೆ. ಈ ಸಲವೂ ಬೇರೆ ಯಾವುದು ಬರೆಯಬೇಕೆಂದು ತಿಳಿಯುತ್ತಿಲ್ಲ.

ಮಾವ

ಕೊಕ್ಕರೆ ನಾಳೆ ಬರುತ್ತಾನೆ. ನಿನ್ನ ಉತ್ತರ ಅಷ್ಟರಲ್ಲಿ ಬರುವುದಿಲ್ಲ ಎಂದು ಗೊತ್ತು. ಆದರೂ ಕೇಳುತ್ತೇನೆ: ನೀನು ನನಗೆ ಏನಾಗಬೇಕಮ್ಮಾ?